ಕಿಂಡಿ ಕೊರೆದ ರಟ್ಟು

ತಪ್ಪು ನನ್ನ ಪುಸ್ತಕದ್ದು. ಮೊದಲೇ ಹೇಳಿಬಿಡುತ್ತೇನೆ.
ಇನ್ನೂರು ಪುಟದ, ಗೆರೆ ಹಾಕಿದ ಶಾಲಾ ಪುಸ್ತಕ,
ದಾರ ಕಟ್ಟಿ ಕಿಟಕಿಗೆ ನೇತುಬಿಟ್ಟ ಪೆನ್ನು.
ಕಿಸುಮುವಿನ ದುಂಗಾ ದಂಡೆಯಲ್ಲಿ, ನನ್ನ ಹಸಿರು ಗೂಡಂಗಡಿಯಲ್ಲಿ
ದುಡ್ಡು ಹಾಕುವವರೂ ತೆಗೆಯುವವರೂ
ಬರೆದು ಹೋಗಬೇಕು: ಹೆಸರು, ಗುರುತಿನ ಚೀಟಿಯ ಸಂಖ್ಯೆ,
ಫೋನು, ಮೊತ್ತ, ಸಹಿ.
ನಿಮ್ಮ ಸಾಲು ಬರೆಯುವಾಗ ಮೇಲಿನ ಹತ್ತೊಂಬತ್ತು ಸಾಲು
ಬಟ್ಟೆ ಬಿಚ್ಚಿ ನಿಂತ ಹಾಗೆ ಕಾಣುತ್ತಿದ್ದವು.
ಯಾರೂ ನೋಡುತ್ತಿರಲಿಲ್ಲ. ಹಾಗಂದುಕೊಂಡಿದ್ದೆ.

ಅವೀನೊ ಒಣಮೀನಿನವಳು.
ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಹೆಣ್ಣಿಗೆ
ನಮ್ಮಲ್ಲಿ ಇಡುವ ಹೆಸರು ಅದು;
ಸೂಲಗಿತ್ತಿ ಎರಡು ಬೆರಳು ತೂರಿಸಿ ಬಿಡಿಸದಿದ್ದರೆ
ಹೆಸರೂ ಇಲ್ಲ, ಹೆಸರಿನವಳೂ ಇಲ್ಲ.
ಅಷ್ಟು ಕಷ್ಟಪಟ್ಟು ಬಂದ ಹೆಸರನ್ನು
ಎಲ್ಲೋ ಕೂತ ಯಾರೋ ಒಬ್ಬ
ಒಗೆದಿಟ್ಟ ಅಂಗಿಯ ಹಾಗೆ ತೊಟ್ಟುಕೊಂಡ.

ಮಂಗಳವಾರ ಅವಳ ಫೋನು ಸತ್ತಿತು.
ಮೋಡಕ್ಕೆ ಹೀಗಾಗುತ್ತೆ, ಅಂದೆ ನಾನು.
ನೀರಿನಾಚೆ ಗುಡುಗುತ್ತಿತ್ತು ಬೇರೆ.
ಬುಧವಾರದ ಹೊತ್ತಿಗೆ ಅವಳ ನಂಬರು
ಇನ್ನೊಂದು ಸಿಮ್ಮಿನಲ್ಲಿ ಉಸಿರಾಡುತ್ತಿತ್ತು.
ಹೆಂಗಸರ ಚಾಮಾ ಚೀಟಿಯ ನಲವತ್ತೊಂದು ಸಾವಿರದ ಆರುನೂರು
(ಆ ತಿಂಗಳು ಗಂಟು ಕಾಯುವ ಸರದಿ ಅವಳದು)
ಮೂರು ನಿಮಿಷದಲ್ಲಿ ಹರಿದುಹೋಗಿತ್ತು,
ಸಾಲದ ಮೇಲೆ ಸಾಲ ಅವಳ ಹೆಸರಲ್ಲಿ ಎದ್ದಿತ್ತು.
ನಾದಿನಿಗೆ ಫೋನು: ನಿಮ್ಮವಳು ಮೋಸಗಾತಿ, ತಿಳಿದಿರಲಿ.

ಪೇಟೆಯ ಕಚೇರಿಯಲ್ಲಿ ಉಗುರಿಗೆ ಬಣ್ಣ ಹಚ್ಚಿದ ಹುಡುಗಿ ಕೇಳಿದಳಂತೆ:
ನೀನೇ ಅವೀನೊ ಅನ್ನೋದಕ್ಕೆ ಏನು ಸಾಕ್ಷಿ?
ಇವಳು ಎರಡೂ ಕೈ ಕೌಂಟರಿನ ಮೇಲಿಟ್ಟು
ಮೂಸಿ ನೋಡು, ಅಂದಳಂತೆ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.
ನಾನೀಗ ಹಾಕುತ್ತಿರುವುದು ಅದೇ.

ಯಾವ ತೂತಿನಿಂದ ಹೋಯಿತೆಂದು ಇನ್ನೂ ಗೊತ್ತಿಲ್ಲ.
ಹತ್ತು ಶಿಲಿಂಗಿನ ಕರೆನ್ಸಿ ಕೊಂಡು
ಫೋನನ್ನು ಪುಸ್ತಕದ ಮೇಲೆ ಅಷ್ಟು ಹೊತ್ತು ಹಿಡಿದ ಹುಡುಗನೆ?
ತುಂಬಿದ ಪುಸ್ತಕಗಳನ್ನು ಮಂದಾಜಿ ಕರಿಯುವ ರೋಸ್ಬೆಲಾಳಿಗೆ
ತೂಕಕ್ಕೆ ಹಾಕಿದ್ದೆನಲ್ಲ, ಆ ಹಾಳೆಗಳೆ?
ತಿಂಡಿ ಸುತ್ತಿಕೊಂಡು ಬಂದ ಕಾಗದದಲ್ಲಿ
ಎಣ್ಣೆ ಕುಡಿದು ಗಾಜಾದ ಊರಿನ ಹೆಸರುಗಳು,
ನಾವೇ ತಿಂದು, ಬೆರಳು ಒರೆಸಿ, ಎಸೆದದ್ದು.
ಅಥವಾ ನಾನೆ?
ಕನ್ನಡಕ ಮರೆತು ಬಂದ ದಿನ ಅವಳ ಪಿನ್ನು ಒತ್ತುತ್ತಿದ್ದವಳು ನಾನು.
ಒಂದು ಒಂಬತ್ತು ಒಂಬತ್ತು ಆರು, ಹಿರಿಮಗ ಹುಟ್ಟಿದ ವರ್ಷ.
ಮೀನಿನ ಬೆಲೆ ಕೂಗುವ ಅದೇ ಗಂಟಲಲ್ಲಿ ಹೇಳುತ್ತಿದ್ದಳು,
ಸಾಲಿನ ಕೊನೆಯವರಿಗೂ ಕೇಳುವಂತೆ.

ಸೋಪಿನ ಪೆಟ್ಟಿಗೆಯ ರಟ್ಟು ತಂದು ಬ್ಲೇಡಿನಿಂದ
ಒಂದೇ ಸಾಲಿನಗಲ ಕಿಂಡಿ ಕೊರೆದೆ.
ಪುಟದ ಮೇಲಿಟ್ಟರೆ ನಿಮಗೆ ಕಾಣುವುದು ನಿಮ್ಮ ಸಾಲು ಮಾತ್ರ.
ಮುದುಕ ಒಬಿಯೆರೊ ನಕ್ಕ:
ನನ್ನ ಹೆಸರು ಕದ್ದವನು ಮಂಡಿನೋವನ್ನೂ ಒಯ್ಯಲಿ!
ನಗಲಿ. ರಟ್ಟು ಸರಿಸಲು ಬಿಡಲಿಲ್ಲ ನಾನು.
ತುಂಬಿದ ಪುಸ್ತಕ ಈಗ ಬೀಗದಲ್ಲಿ. ಅವಧಿ ತೀರಿದ್ದು ಇದ್ದಿಲ ಒಲೆಗೆ,
ಹಾಳೆ ಹಾಳೆಯಾಗಿ, ಕೊನೆಯ ಅಂಕಿ ಕಪ್ಪಾಗುವ ತನಕ ಕೂತು.

ಚೀಟಿಯ ಹೆಂಗಸರು ಅವೀನೊಳ ಜೊತೆ ಮಾತಾಡುತ್ತಾರೆ,
ಗಂಟನ್ನು ಮಾತ್ರ ಬೇರೆಯವಳಿಗೆ ಕೊಟ್ಟಿದ್ದಾರೆ.
ಆ ದುಡ್ಡು ಬಂದಿಲ್ಲ. ಬರುತ್ತದೆಂದು ನಾನು ಹೇಳುವುದೂ ಇಲ್ಲ.

ನಿನ್ನೆ ಬಂದಿದ್ದಳು. ಇನ್ನೂರು ತೆಗೆಯಬೇಕು, ಅಂದಳು.
ಅಭ್ಯಾಸಬಲ, ಕಿಟಕಿಯಿಂದ ಕೈ ಚಾಚಿದೆ ಅವಳ ಫೋನಿಗೆ.
ಕೊಡಲಿಲ್ಲ.
ಸೊಂಟದ ಬಟ್ಟೆಯ ಗಂಟು ಬಿಚ್ಚಿ ಕನ್ನಡಕ ತೆಗೆದು ಮೂಗಿಗೇರಿಸಿ,
ನನಗೆ ಬೆನ್ನು ತಿರುಗಿಸಿ ನಿಂತು,
ಒಂದೊಂದೇ ಅಂಕಿ ಹುಡುಕಿ ಒತ್ತಿದಳು.
ಇಪ್ಪತ್ತು ವರ್ಷದ ಗೆಳತಿ.
ತುಟಿ ಕೂಡ ಅಲ್ಲಾಡಿಸುತ್ತಿಲ್ಲವೆಂದು
ಭುಜ ನೋಡಿಯೇ ಗೊತ್ತಾಯಿತು.

ಒಂದು ಕ್ಷಣ ಚುಚ್ಚಿತು, ಸುಳ್ಳೇಕೆ.
ಆಮೇಲೆ ರಟ್ಟನ್ನು ಅವಳ ಸಾಲಿಗೆ ಸರಿಸಿಟ್ಟು
ಅವಳು ತಿರುಗುವವರೆಗೂ
ನೀರಿನ ಕಡೆ ನೋಡುತ್ತಾ ಕಾದೆ.